ಗಣಪತಿಯ ನರ್ಸಿಂಗ್ ಸೀಟು

ಶಾಮಲಾ: ಕಾರಿನ ಕೀ ಕೊಡ್ತೀರೋ ಇಲ್ವೋ?

ಗಣಪತಿ: ಕೊಡಲ್ಲ. ಮೊದಲು ಮಾತು ಮುಗೀಲಿ.

ಶಾಮಲಾ: ನಿಮ್ಮ ಮಾತು ಮುಗಿಯೋಷ್ಟರಲ್ಲಿ ಕಾಲೇಜಿನ ಬಾಗಿಲೇ ಮುಚ್ಚಿರತ್ತೆ. ಐದು ಗಂಟೆಯೊಳಗೆ ಹೋಗಿ ಸೈನ್ ಮಾಡ್ಲಿಲ್ಲ ಅಂದ್ರೆ ಅನಾಟಮಿ ಕ್ಲಾಸಿನ ನನ್ನ ಸೀಟು ವೇಯ್ಟ್‌ಲಿಸ್ಟಲ್ಲಿ ನನ್ನ ಹಿಂದೆ ಇರೋರಿಗೆ ಹೋಗತ್ತೆ. ಈಗ್ಲೇ ಮೂರೂವರೆ. ಶುಕ್ರವಾರ ಬೇರೆ. ಫ್ರೀವೇ ಮೇಲೆ ಕಾರುಗಳೆಲ್ಲ ಆಗ್ಲೇ ನಿಂತ್ಬಿಟ್ಟಿರ್ತವೆ.

ಗಣಪತಿ: ಹೋದ್ರೆ ಹೋಗ್ಲಿ ಬಿಡು. ಆ ಕಾಲೇಜೇ ಬೇಡ ಅಂತ ತಾನೆ ನಾನು ಹೇಳ್ತಿರೋದು?

ವುಡಿನ್‌ವಿಲ್ ಎಂಬ ಊರಿನ ಆ ಅಡುಗೆಮನೆಯಲ್ಲಿ ಈ ಜಗಳಕ್ಕೆ ಇದು ಮೂರನೇ ವಾರ. ಶಾಮಲಾಗೆ ನಲವತ್ತೊಂದು ವರ್ಷ. ಮೈಸೂರಿನಲ್ಲಿ ಬಿಎಸ್‌ಸಿ ಮುಗಿಸಿ, ಮದುವೆಯಾಗಿ, ಗಂಡನ ವೀಸಾದ ಬಾಲ ಹಿಡಿದು ಇಲ್ಲಿಗೆ ಬಂದವಳು. ಹಾಗೆ ಬಂದವರು ಕೆಲಸ ಮಾಡುವಂತಿರಲಿಲ್ಲ. ಗ್ರೀನ್ ಕಾರ್ಡ್ ಕೈಗೆ ಬಂದದ್ದು ಹನ್ನೊಂದು ವರ್ಷದ ಮೇಲೆ, ಈ ೨೦೧೪ರ ಏಪ್ರಿಲ್‌ನಲ್ಲಿ. ಮೇ ತಿಂಗಳಲ್ಲಿ ಅವಳು ನರ್ಸ್ ಆಗ್ತೀನಿ ಅಂದಳು. ಗಣಪತಿ ಕುಣಿದಾಡಿಕೊಂಡು ಒಪ್ಪಿದ. ಒಪ್ಪಿ ಸುಮ್ಮನಿದ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ಮುಂದಾಳತ್ವವನ್ನೂ ವಹಿಸಿಕೊಂಡ. ವಿಮಾನದ ಕಂಪನಿಯಲ್ಲಿ ಬಾಗಿಲುಗಳ ಕೀಲು ಎಷ್ಟು ಭಾರ ತಡೆಯುತ್ತದೆ ಎಂದು ನೋಡುವ ಇಂಜಿನಿಯರ್ ಅವನು. ಕೀಲು ಬಿಟ್ಟು ಲೋಕದ ಮಿಕ್ಕ ವಿಷಯಗಳೂ ತನಗೆ ಗೊತ್ತು ಎಂಬ ನಂಬಿಕೆ ಅವನಿಗೆ ಮೊದಲಿನಿಂದ ಇತ್ತು. ಆ ನಂಬಿಕೆಗೆ ಆಧಾರವೇನೆಂದು ಅವನನ್ನು ಯಾರೂ ಕೇಳಿರಲಿಲ್ಲ, ಅವನೂ ಕೇಳಿಕೊಂಡಿರಲಿಲ್ಲ.

ಗಣಪತಿ: ನಿನ್ನ ಆ ಸರ್ಕಾರಿ ಕಮ್ಯುನಿಟಿ ಕಾಲೇಜಿನವರು ಏನಂದ್ರು? ಮೊದಲು ಅನಾಟಮಿ. ಆಮೇಲೆ ಮೈಕ್ರೋಬಯಾಲಜಿ. ಆಮೇಲೆ ಇಂಗ್ಲಿಷು. ಅದೆಲ್ಲಾ ಆದ್ಮೇಲೆ ನರ್ಸಿಂಗ್‌ಗೆ ಅರ್ಜಿ. ಅರ್ಜಿ ಹಾಕಿ ಮತ್ತೆ ಕಾಯೋದು. ಎಲ್ಲಾ ಸೇರಿ ನಾಲ್ಕು ವರ್ಷ. ನೀನು ನರ್ಸ್ ಆಗೋ ಹೊತ್ತಿಗೆ ನಾನು ಪೇಷಂಟ್ ಆಗಿರ್ತೀನಿ.

ಶಾಮಲಾ: ಒಳ್ಳೇದೇ ಆಯ್ತು. ಮನೇಲೇ ಪ್ರಾಕ್ಟೀಸು.

ಗಣಪತಿ: ತಮಾಷೆ ಬೇಡ. ನಾನು ಹೇಳಿದ ಕಾಲೇಜು ನೋಡು. ಇಪ್ಪತ್ತೇ ತಿಂಗಳು. ಕಾಯೋ ಮಾತೇ ಇಲ್ಲ. ಹೋದ್ಯಾ, ಸೇರಿದ್ಯಾ, ಹೊರಗೆ ಬಂದ್ಯಾ.

ಶಾಮಲಾ: ಯಾವುದು, ಆ ಮಾಲ್ ಕಾಲೇಜಾ? ಒಂದು ಕಡೆ ಉಗುರಿಗೆ ಬಣ್ಣ ಹಚ್ಚೋ ಅಂಗಡಿ, ಇನ್ನೊಂದು ಕಡೆ ಹಾಸಿಗೆ ಅಂಗಡಿ.

ಗಣಪತಿ: ಪಾರ್ಕಿಂಗ್ ಫ್ರೀ.

ಶಾಮಲಾ: ಫೀಸು ನನ್ನ ಕಾಲೇಜಿನ ನಾಲ್ಕು ಪಟ್ಟು.

ಗಣಪತಿ: ಅಂದ್ಮೇಲೆ ಓದೂ ನಾಲ್ಕು ಪಟ್ಟು ಚೆನ್ನಾಗಿರಬೇಕಲ್ವಾ? ನಮ್ಮ ಆಫೀಸಿನ ಲಕ್ಷ್ಮೀಕಾಂತನ ಹೆಂಡತಿ ಮಧುರಾ ಅಲ್ಲೇ ಸೇರಿದ್ದು. ಅವನೇ ಹೇಳಿದ.

ಶಾಮಲಾ: ಸೇರಿದ್ದು ಹೇಳಿದ್ರು. ಮುಗಿಸಿದ್ದು ಹೇಳಿದ್ರಾ?

ಗಣಪತಿ: ಅದು... ನಾನು ಕೇಳ್ಲಿಲ್ಲ.

ನಿಜಕ್ಕೂ ಕೇಳಿರಲಿಲ್ಲ. ಆ ಕಾಲೇಜಿನ ಬಗ್ಗೆ ಗಣಪತಿಯ ಮಿಕ್ಕ ಸಂಶೋಧನೆಯೆಲ್ಲ ಟಿವಿ ಜಾಹೀರಾತಿನಿಂದ ಬಂದದ್ದು. ಅದರಲ್ಲಿ ನೀಲಿ ಬಟ್ಟೆಯ ಹೆಂಗಸೊಬ್ಬಳು ಸ್ಟೆತಾಸ್ಕೋಪ್ ಹಾಕಿಕೊಂಡು ಕಿಟಕಿಯಾಚೆ ನೋಡಿ ನಗುತ್ತಿದ್ದಳು. ಕಿಟಕಿಯಾಚೆ ಏನಿತ್ತೋ ತೋರಿಸಿರಲಿಲ್ಲ.

ಗಣಪತಿ: ನೋಡೇ, ಕಾಯೋದು ಅಂದ್ರೆ ನನಗಾಗಲ್ಲ. ಮರ್ಯಾದೆ ಇರೋರು ವೇಯ್ಟ್‌ಲಿಸ್ಟಲ್ಲಿ ನಿಲ್ತಾರಾ?

ಶಾಮಲಾ: ಗ್ರೀನ್ ಕಾರ್ಡಿಗೆ ಹನ್ನೊಂದು ವರ್ಷ ನಿಂತ್ರಲ್ಲ, ಆಗ ಎಲ್ಲಿಗೆ ಹೋಗಿತ್ತು ಈ ಮರ್ಯಾದೆ?

ಗಣಪತಿ: ಅದು ಬೇರೆ.

ಶಾಮಲಾ: ಹೌದು, ಬೇರೆ. ಅದು ನಿಮ್ಮ ಸಾಲು. ನಾನೂ ಬಾಯಿ ಮುಚ್ಕೊಂಡು ಹಿಂದೆ ನಿಂತಿದ್ದೆ. ಇದು ನನ್ನ ಸಾಲು ರೀ. ಇದರಲ್ಲಿ ನಿಂತ್ಕೊಳ್ಳೋಕೆ ನಿಮಗೆ ಕಾಲು ನೋವಾ?

ಉತ್ತರ ಹೊಳೆಯದಿದ್ದಾಗ ಫ್ರಿಜ್ ಬಾಗಿಲು ತೆಗೆದು ನಿಲ್ಲುವುದು ಗಣಪತಿಯ ಪದ್ಧತಿ. ತೆಗೆದು ನಿಂತ. ಉತ್ತರ ಅಲ್ಲೂ ಇರಲಿಲ್ಲ. ನಿನ್ನೆಯ ಚಪಾತಿ ಇತ್ತು. ಅಷ್ಟರಲ್ಲಿ ಜೇಬಿನ ಫೋನು ಹೊಡೆದುಕೊಂಡಿತು. ನಂಬರ್ ನೋಡಿದವನ ಮುಖ ಊರಗಲವಾಯಿತು.

ಗಣಪತಿ: ಬಂತು ನೋಡು! ಇದಕ್ಕೇ ನಾನು ಕಾಯ್ತಿದ್ದದ್ದು. ನಿನಗೆ ಸರ್‌ಪ್ರೈಸ್ ಇರ್ಲಿ ಅಂತ ಹೇಳಿರ್ಲಿಲ್ಲ. ನಿನ್ನೆ ಆ ಕಾಲೇಜಿಗೆ ನಿನ್ನ ಅಪ್ಲಿಕೇಶನ್ ಹಾಕ್ಬಿಟ್ಟೆ. ಆನ್‌ಲೈನ್ ಟೆಸ್ಟೂ ಬರೆದುಬಿಟ್ಟೆ.

ಶಾಮಲಾ: ನನ್ನ ಟೆಸ್ಟು ನೀವು ಬರೆದ್ರಾ?

ಗಣಪತಿ: ನಿನಗ್ಯಾಕೆ ಶ್ರಮ ಅಂತ. ಹನ್ನೆರಡೇ ಪ್ರಶ್ನೆ. ಗೊತ್ತಿಲ್ಲದ್ದಕ್ಕೆಲ್ಲ 'ಸಿ' ಅಂತ ಹಾಕ್ದೆ.

ಶಾಮಲಾ: ಗೊತ್ತಿಲ್ಲದ್ದು ಎಷ್ಟಿತ್ತು?

ಗಣಪತಿ: ಹನ್ನೆರಡು.

ಫೋನನ್ನು ಸ್ಪೀಕರಿಗೆ ಹಾಕಿ, ಮೇಜಿನ ನಡುವೆ ಮಂಗಳಾರತಿ ತಟ್ಟೆಯಂತೆ ಇಟ್ಟ. ಆ ಕಡೆ ಇದ್ದವಳು ಅಡ್ಮಿಷನ್ ಅಡ್ವೈಸರ್ ಟಿಫನಿ. ಅವಳ ಇಂಗ್ಲಿಷನ್ನು ನಮ್ಮ ಮಾತಿಗೆ ಇಳಿಸಿಕೊಂಡರೆ ನಡೆದದ್ದು ಹೀಗೆ.

ಟಿಫನಿ: ಅಭಿನಂದನೆಗಳು, ಗಣಪತಿ! ನೀವು ಪಾಸಾಗಿದ್ದೀರಿ!

ಗಣಪತಿ: ಅಯ್ಯೋ, ನಾನಲ್ಲ...

ಟಿಫನಿ: ಎಲ್ಲರೂ ಮೊದಲು ಹಾಗೇ ಅಂತಾರೆ. ನಂಬೋಕೆ ಸ್ವಲ್ಪ ಟೈಮ್ ಬೇಕು. ನಿಮ್ಮ ಉತ್ತರಗಳಲ್ಲಿ ಅಪರೂಪದ ಕರುಣೆ ಇದೆ, ಗಣಪತಿ. ರೋಗಿ ಅಳ್ತಿದ್ರೆ ಏನ್ ಮಾಡ್ತೀರಿ ಅನ್ನೋದಕ್ಕೆ ನೀವು ಕೊಟ್ಟ ಉತ್ತರ ನೋಡಿ ನನಗೇ ಗಂಟಲು ಕಟ್ಟಿತು.

ಶಾಮಲಾ (ಮೆಲ್ಲಗೆ): ಏನು ಕೊಟ್ರಿ?

ಗಣಪತಿ (ಇನ್ನೂ ಮೆಲ್ಲಗೆ): ಸಿ.

ಆದದ್ದು ಇಷ್ಟೇ. ಹನ್ನೊಂದು ವರ್ಷ ಆ ಮನೆಯ ವೀಸಾ, ಬ್ಯಾಂಕು, ಕರೆಂಟು, ಲೈಬ್ರರಿ ಕಾರ್ಡು, ಎಲ್ಲ ಅರ್ಜಿಗಳನ್ನೂ ತುಂಬಿದವನು ಗಣಪತಿಯೇ. 'ಅರ್ಜಿದಾರರ ಹೆಸರು' ಎಂದು ಕಂಡರೆ ಸಾಕು, ಬೆರಳುಗಳು ಯಜಮಾನನನ್ನು ಕೇಳದೆ ಯಜಮಾನನ ಹೆಸರನ್ನೇ ಬರೆದುಬಿಡುತ್ತಿದ್ದವು.

ಟಿಫನಿ: ಸೋಮವಾರದ ಬ್ಯಾಚಿನಲ್ಲಿ ನಿಮಗೆ ಸೀಟು ಹಿಡಿದಿಟ್ಟಿದ್ದೀನಿ. ಯೂನಿಫಾರ್ಮು ಎಕ್ಸ್‌ಎಲ್ ಸಾಕಾ?

ಗಣಪತಿ: ಮೇಡಂ, ಹೆಸರು ತಪ್ಪಾಗಿದೆ. ಓದೋಳು ನನ್ನ ಹೆಂಡತಿ.

ಟಿಫನಿ: ತೊಂದರೆಯೇ ಇಲ್ಲ! ಅವರನ್ನೂ ಸೇರಿಸ್ಕೊಳ್ತೀವಿ.

ಗಣಪತಿ: ಅವಳು ಟೆಸ್ಟ್ ಬರೆದಿಲ್ಲ.

ಟಿಫನಿ: ನಿಮ್ಮಂಥವರ ಹೆಂಡತಿ ಅಂದ್ಮೇಲೆ ಅವರಿಗೂ ಕರುಣೆ ಇದ್ದೇ ಇರತ್ತೆ.

ಶಾಮಲಾ: ಇಲ್ಲದೇ ಇದ್ರೆ ಇಷ್ಟು ವರ್ಷ ಸಂಸಾರ ಆಗ್ತಿರ್ಲಿಲ್ಲ.

ಇದನ್ನು ಕನ್ನಡದಲ್ಲಿ ಅಂದದ್ದು ಗಣಪತಿಯ ಪುಣ್ಯ. ಆಮೇಲೆ ಅವಳು ಕುರ್ಚಿ ಎಳೆದುಕೊಂಡು ಫೋನಿನ ಮುಂದೆ ಕೂತಳು, ಇಂಗ್ಲಿಷಿಗೆ ತಿರುಗಿದಳು.

ಶಾಮಲಾ: ನಿಮ್ಮಲ್ಲಿ ಓದಿದ್ದನ್ನ ಬೇರೆ ಕಾಲೇಜಿನವರು ಒಪ್ಕೊಳ್ತಾರಾ?

ಟಿಫನಿ: ಒಳ್ಳೇ ಪ್ರಶ್ನೆ! ಅದು ಆಯಾ ಕಾಲೇಜಿನವರ ಮನಸ್ಸಿಗೆ ಬಿಟ್ಟಿದ್ದು.

ಶಾಮಲಾ: ಇಪ್ಪತ್ತು ತಿಂಗಳಾದ್ಮೇಲೆ ನರ್ಸ್ ಲೈಸೆನ್ಸ್ ಪರೀಕ್ಷೆಗೆ ಕೂರಬಹುದಾ?

ಟಿಫನಿ: ತುಂಬಾ ಒಳ್ಳೇ ಪ್ರಶ್ನೆ! ನಮ್ಮದು ನರ್ಸಿಂಗ್ ದಾರಿಯ ಮೊದಲ ಹೆಜ್ಜೆ. ಮೆಡಿಕಲ್ ಅಸಿಸ್ಟೆಂಟ್ ಸರ್ಟಿಫಿಕೇಟ್ ಕೊಡ್ತೀವಿ. ನರ್ಸ್ ಆಗ್ಬೇಕು ಅನ್ನೋರು ಆಮೇಲೆ ಮುಂದಕ್ಕೆ ಹೋಗ್ತಾರೆ.

ಶಾಮಲಾ: ಮುಂದಕ್ಕೆ ಅಂದ್ರೆ ಎಲ್ಲಿಗೆ?

ಟಿಫನಿ: ಜಾಸ್ತಿ ಜನ ಕಮ್ಯುನಿಟಿ ಕಾಲೇಜಿಗೆ ಹೋಗ್ತಾರೆ.

ಗಣಪತಿ ಫೋನು ಆರಿಸಿ, ಇಂಗು ತಿಂದ ಮಂಗನ ಹಾಗೆ ಕೂತ. ಬೇರೆಯವರಾಗಿದ್ದರೆ ಶಾಮಲಾ ಬಿದ್ದು ಬಿದ್ದು ನಗುತ್ತಿದ್ದಳೇನೋ. ಗಂಡನಾದ್ದರಿಂದ ಸೆರಗಿಲ್ಲದ್ದಕ್ಕೆ ಚೂಡಿದಾರದ ವೇಲನ್ನು ಬಾಯಿಗೆ ಒತ್ತಿಕೊಂಡು ನಕ್ಕಳು.

ಗಣಪತಿ: ನಗು, ನಗು. ಎಲ್ಲಕ್ಕೂ 'ಸಿ' ಹಾಕಿದ ಗಂಡಸನ್ನ ಸೋಮವಾರದಿಂದ ರೋಗಿಗಳ ಮೇಲೆ ಬಿಡ್ತಾರೆ ಅಂದ್ರೆ ಅದೆಂಥ ಕಾಲೇಜಿರಬೇಕು! ಮೂರು ವಾರದಿಂದ ಅದನ್ನೇ ಹೊಗಳ್ತಿದೀನಲ್ಲ, ನಾನೆಂಥ ಇಂಜಿನಿಯರ್!

ಶಾಮಲಾ: ನಿಮ್ಮ ಬಾಗಿಲುಗಳು ಮಾತ್ರ ಗಟ್ಟಿಯಾಗಿರ್ಲಪ್ಪ, ಜನ ವಿಮಾನದಲ್ಲಿ ಓಡಾಡ್ತಾರೆ. ಈಗ ನಿಜ ಹೇಳಿ. ನಿಮಗ್ಯಾಕೆ ಇಷ್ಟು ಅವಸರ?

ಗಣಪತಿ: ನಾಲ್ಕು ವರ್ಷ ನಾನು ಮಾಡಿದ ಸಾರು ನಾನೇ ತಿನ್ಬೇಕಲ್ಲ ಅಂತ.

ಶಾಮಲಾ: ಅದು ಸುಳ್ಳಲ್ಲ. ಆದ್ರೆ ಅದಲ್ಲ.

ಗಣಪತಿ ಮತ್ತೆ ಫ್ರಿಜ್ ಕಡೆ ನೋಡಿದ. ಎದ್ದು ಹೋಗಲು ಈ ಸಲ ನಾಚಿಕೆಯಾಯಿತು.

ಗಣಪತಿ: ನನ್ನ ಹಿಂದೆ ಬಂದು ನಿನ್ನ ಹನ್ನೊಂದು ವರ್ಷ ಹೋಯ್ತು ಕಣೇ. ಬೆಳಿಗ್ಗೆ ಆಫೀಸಿಗೆ ಹೊರಡುವಾಗೆಲ್ಲ ನೀನು ಬಾಗಿಲಲ್ಲಿ ನಿಂತಿರ್ತಿದ್ದೆ. ನಾನು ಹಿಂದಕ್ಕೆ ತಿರುಗಿ ನೋಡ್ತಾನೇ ಇರ್ಲಿಲ್ಲ. ಬೇಗ ನೀನೂ ಏನಾದ್ರೂ ಆಗ್ಬಿಟ್ರೆ ನನ್ನ ಮನಸ್ಸಿಗೊಂದು ಸಮಾಧಾನ ಅಂತ ಅನ್ನಿಸ್ತು.

ಹೇಳಿದ ಮೇಲೆ ಅವನಿಗೆ ಎದೆ ಹಗುರವೂ ಆಯಿತು, ಅಳುವೂ ಬಂತು. ಶಾಮಲಾಳ ಕಣ್ಣೂ ಒದ್ದೆಯಾಗಿತ್ತು.

ಶಾಮಲಾ: ನಿಮ್ಮ ಸಮಾಧಾನಕ್ಕೆ ಇಪ್ಪತ್ತು ತಿಂಗಳು ಸಾಕು ರೀ. ನನ್ನ ಓದಿಗೆ ನಾಲ್ಕು ವರ್ಷ ಬೇಕು. ಎದ್ದೇಳಿ, ಕೀ ಕೊಡಿ.

ಗಣಪತಿ: ನಾನೇ ಡ್ರೈವ್ ಮಾಡ್ತೀನಿ. ಇಬ್ಬರಿದ್ರೆ ಕಾರ್‌ಪೂಲ್ ಲೇನಲ್ಲಿ ಹೋಗ್ಬಹುದು, ಅಲ್ಲಿ ರಶ್ ಇರಲ್ಲ.

ಆ ಇಡೀ ದಿನದಲ್ಲಿ ಗಣಪತಿಯ ಬಾಯಿಂದ ಬಂದ ಮೊದಲ ಉಪಯುಕ್ತ ಮಾತು ಅದು. ಕಾಲೇಜು ತಲುಪಿದಾಗ ಐದಕ್ಕೆ ಒಂಬತ್ತು ನಿಮಿಷ ಬಾಕಿ. ಕೌಂಟರಿನ ಮುದುಕಿ ಕನ್ನಡಕದ ಮೇಲಿಂದ ನೋಡಿ, ಒಂದು ಫಾರಂ ಮುಂದಕ್ಕೆ ತಳ್ಳಿದಳು. ತಳ್ಳಿದ್ದೇ ತಡ, ಗಣಪತಿಯ ಬಲಗೈ ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಫಾರಂ ಮೇಲೆ ಬಗ್ಗಿಯೇಬಿಟ್ಟಿತ್ತು.

ಶಾಮಲಾ: ರೀ.

ಗಣಪತಿ: ಸಾರಿ, ಸಾರಿ. ಕೈ ತಾನಾಗೇ ಹೋಯ್ತು.

ಶಾಮಲಾ ಪೆನ್ನು ಇಸಿದುಕೊಂಡಳು. ಈ ದೇಶಕ್ಕೆ ಬಂದಂದಿನಿಂದ ಎಲ್ಲ ಕಾಗದಗಳಲ್ಲೂ ಅವಳ ಹೆಸರು ಇದ್ದದ್ದು 'ಅವಲಂಬಿತರು' ಎಂಬ ಗೆರೆಯ ಮೇಲೆ. ಈಗ 'ವಿದ್ಯಾರ್ಥಿಯ ಹೆಸರು' ಎಂಬಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದು, ಒಂದು ಸಲ ಓದಿಕೊಂಡಳು, ಇನ್ನೊಂದು ಸಲ ಓದಿಕೊಂಡಳು. ಪಕ್ಕದಲ್ಲಿ ಕೈಕಟ್ಟಿ ನಿಂತವನಿಗೆ ಸಂತೋಷವೇ ಆಗಿತ್ತು. ಆದರೂ ಹುಟ್ಟುಗುಣ ಸುಟ್ಟರೂ ಹೋಗದಲ್ಲ.

ಗಣಪತಿ: ಅಲ್ವೇ, ನನ್ನ ಹೆಸರು ಎಲ್ಲೂ ಬೇಡ್ವಾ?

ಶಾಮಲಾ: ಇದೆ, ಕೊನೇ ಗೆರೇಲಿ. ಎಮರ್ಜೆನ್ಸಿ ಕಾಂಟ್ಯಾಕ್ಟ್.

ಗಣಪತಿ: ಹೌದಾ! ಅದರಲ್ಲಿ ನಾನೇನು ಮಾಡ್ಬೇಕು?

ಶಾಮಲಾ: ಏನೂ ಇಲ್ಲ. ಕರೆಯೋವರೆಗೂ ಕಾಯ್ತಾ ಇರೋದು.