ನಕಾಶೆಯ ಮೇಲೆ ಮಾವನ ಊರು

ಗೋಡೆಗೆ ತೂಗಿದ ಕಾಗದವನ್ನು ನಂಬಿದಷ್ಟು ನಾವು ಎದುರಿಗೆ ನಿಂತ ಮನುಷ್ಯನನ್ನು ನಂಬುವುದಿಲ್ಲ. ನಾನಂತೂ ನಂಬಲಿಲ್ಲ, ಆ ಕಾಗದವನ್ನು ತಯಾರಿಸಿದವನು ನಾನೇ ಆಗಿದ್ದರೂ.

ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಹೊಸತು. ಜತ್ತದ ಪೊಲೀಸ್ ಠಾಣೆಯಲ್ಲಿ ನಾನು ಫಿರ್ಯಾದಿ ಬರೆದುಕೊಳ್ಳುವ ಕಾರಕೂನ. ಠಾಣೆಯ ಮುಖ್ಯಸ್ಥರಾಗಿ ಹೊಸದಾಗಿ ಬಂದ ಫೌಜದಾರರು ತಾಲೂಕಿನ ನಕಾಶೆಯನ್ನು ಗೋಡೆಗೆ ತೂಗಿಸಿ, ಗುನ್ಹೆ ಆದಲ್ಲೆಲ್ಲ ಒಂದೊಂದು ಬೊಟ್ಟು ಇಡಲು ಹೇಳಿದರು. ಒಮ್ಮೆ ಕಣ್ಣಾಡಿಸಿದರೆ ತಾಲೂಕಿನ ಹಣೆಬರಹ ತಿಳಿಯಬೇಕೆಂಬುದು ಅವರ ಆಸೆ. ಠಾಣೆಯಲ್ಲಿ ಬಣ್ಣ ಎಲ್ಲಿಂದ ಬರಬೇಕು? ಹೆಂಡತಿ ಗೌರವ್ವನ ಡಬ್ಬಿಗಳಿಗೆ ಕೈ ಹಾಕಿದೆ. ಕಳವಿಗೆ ಕುಂಕುಮ, ಹೊಡೆದಾಟಕ್ಕೆ ಅರಿಸಿನ, ಕೊಲೆಗೆ ಕಾಡಿಗೆ. ದೇವರ ದಯೆ, ಕಾಡಿಗೆ ಡಬ್ಬಿಯ ಮುಚ್ಚಳ ತೆರೆಯುವ ಪ್ರಸಂಗ ಬರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಬಾಲಗಾಂವದ ಸುತ್ತ ಒಂದೆರಡು ಬೊಟ್ಟು ಬಿದ್ದಿದ್ದವು. ತಿಕೋಂಡಿ ಮಾತ್ರ ಕೆಂಪಗೆ ರಾಚುತ್ತಿತ್ತು. ಫೌಜದಾರರು ಅದನ್ನೇ ದಿಟ್ಟಿಸಿ, ಆ ಊರಿನಲ್ಲಿ ಹೆಚ್ಚಿನ ಪೊಲೀಸರನ್ನು ಕೂಡ್ರಿಸಿ ಖರ್ಚನ್ನು ಊರವರಿಂದಲೇ ವಸೂಲು ಮಾಡಬೇಕೆಂದು ಮೇಲಿನವರಿಗೆ ಬರೆಯಲು ಹೇಳಿದರು. ತಿಕೋಂಡಿ ಗೌರವ್ವನ ತವರು. ಬರೆಯಬೇಕಾದವನು ಆ ಊರಿನ ಅಳಿಯ. ಮನೆಯಲ್ಲಿ ಬಾಯಿಬಿಟ್ಟದ್ದೇ ತಪ್ಪಾಯಿತು.

"ನಮ್ಮಪ್ಪನ ಊರಿಗಿ ಕಳ್ಳರ ಊರು ಅಂತ ಹೆಸರು ಹಚ್ಚತೀರಿ? ಹಂಗಾದ್ರ ನಾಳಿಂದ ಊಟಾನೂ ಠಾಣ್ಯಾಗ ಮಾಡ್ರಿ" ಎಂದಳು.

ಮರುದಿನ ಉಪವಾಸದಲ್ಲೇ ಬರೆಯಲು ಕೂತಿದ್ದೆ. ಅಷ್ಟರಲ್ಲಿ ಮಾವ ಮಲ್ಲೇಶಪ್ಪ ರುಮಾಲು ಸರಿಮಾಡಿಕೊಳ್ಳುತ್ತ ಒಳಗೆ ಬಂದರು. "ಅಳಿಯಾರ, ಬಾವಿ ಹಗ್ಗ ಕಾಣವಲ್ದು. ಬರಕೋರಿ."

ಫೌಜದಾರರು ತಲೆ ಎತ್ತಿದರು. ಒಂದು ಹಗ್ಗಕ್ಕಾಗಿ ಇಷ್ಟು ದೂರ ಬಂದಿರಾ ಎಂದು ಮರಾಠಿಯಲ್ಲಿ ಕೇಳಿದರು.

"ಅಳಿಯಾರು ಠಾಣ್ಯಾಗ ಕುಂತಾರ್ರಿ ಸಾಹೇಬ್ರ. ಅವರಿಗೊಂದ ಮಾತು ಹೇಳದಿದ್ರ ಮಾನ ಕೊಟ್ಟಂಗ ಆಗತೈತೇನ್ರಿ? ಊರಾಗ ಯಾರದ ಏನ ಕಳದ್ರೂ ನಾನ ಕಳಸತೀನಿ, ಹೋಗಿ ಅಳಿಯಾರಿಗೆ ತಿಳಸ್ರಿ ಅಂತ."

"ಕಳೆದದ್ದು ಸಿಕ್ಕರೆ?"

"ಸಿಕ್ಕ ಮ್ಯಾಲ ಅವರಿಗ್ಯಾಕ ತ್ರಾಸ ಕೊಡೂದ್ರಿ?"

ಫೌಜದಾರರು ನನ್ನತ್ತ ತಿರುಗಿದರು. ಸಂಜೆ ಮನೆಗೆ ಬಾರದ ಆಡು, ನೆರೆಮನೆಗೆ ಹೋದ ಹುಂಜ, ಎಲ್ಲವನ್ನೂ ನಾನು ಬೀಗರ ಊರಿನವರ ಮಾತೆಂದು ಭಕ್ತಿಯಿಂದ ಬರೆದು ಬೊಟ್ಟಿಟ್ಟಿದ್ದೆ. ಆಡು, ಹುಂಜ ತಿರುಗಿ ಬಂದಿದ್ದವು, ಬೊಟ್ಟುಗಳು ಉಳಿದಿದ್ದವು. ಬಾಲಗಾಂವದವರು ತಮ್ಮ ತಂಟೆಯನ್ನು ಚಾವಡಿಯಲ್ಲೇ ಮುಗಿಸುತ್ತಿದ್ದರು; ಅವರಿಗೆ ಠಾಣೆಯಲ್ಲಿ ಅಳಿಯನಿರಲಿಲ್ಲ.

ಸಾಹೇಬರು ಸಿಟ್ಟಾಗಲಿಲ್ಲ. ಬರೆಯುವುದು ಬೇಡ ಎಂದರು. ತಿಕೋಂಡಿಯ ಕಳವು ನಿಲ್ಲಲು ಅಲ್ಲಿಗೆ ಪೊಲೀಸರನ್ನು ಕಳಿಸಬೇಕಾಗಿಲ್ಲ, ನಿಮ್ಮನ್ನು ಈ ಕುರ್ಚಿಯಿಂದ ಎಬ್ಬಿಸಿದರೆ ಸಾಕು ಎಂದು ನಕ್ಕು, ನನ್ನನ್ನು ಟಪಾಲಿನ ಕೆಲಸಕ್ಕೆ ಹಾಕಿದರು. ಊರು ಉಳಿಸಿದ ಆ ದೊಡ್ಡ ಮನುಷ್ಯನನ್ನು ಇಂದಿಗೂ ನೆನೆಯುತ್ತೇನೆ. ಹುಂಜ ಕಳೆದರೂ ನನಗೆ ಹೇಳಬೇಕೆಂದು ಬಿಸಿಲಲ್ಲಿ ನಡೆದು ಬಂದ ತಿಕೋಂಡಿಯವರ ಋಣವಂತೂ ತೀರುವುದಿಲ್ಲ.

ಆ ಸಂಜೆ ಹೊಟ್ಟೆ ತುಂಬ ಉಂಡು, ನನ್ನ ಹುಟ್ಟೂರಿನ ಮೇಲೆ ಒಂದೂ ಬೊಟ್ಟಿಲ್ಲವೆಂದು ಗೌರವ್ವನ ಮುಂದೆ ಜಂಬ ಕೊಚ್ಚಿದೆ.

"ಎಲ್ಲಿಂದ ಬೀಳಬೇಕ್ರಿ?" ಎಂದಳು ಆಕೆ, ರೊಟ್ಟಿ ಬುಟ್ಟಿ ಮುಚ್ಚುತ್ತ. "ಆ ಊರಾಗ ನಿಮ್ಮನ್ನ ಸಣ್ಣಾಂವ ಇದ್ದಾಗಿಂದ ನೋಡ್ಯಾರ. ಕಳದದ್ದು ಹೇಳಾಕ ನಿಮ್ಮ ಕಡಿ ಯಾರು ಬರ್ತಾರ?"