ತಕ್ಕಡಿಗೊಂದು ಕೊಸರು

ವಿಜ್ಞಾನ ಕಲಿಸುವವನ ಪಾಲಿಗೆ ಇಂಥ ಪ್ರಸಂಗಗಳಿಗೆ ಬರವಿಲ್ಲ. ಪ್ರಯೋಗ ಕೈಕೊಟ್ಟಾಗ ಮಕ್ಕಳು ನಗುತ್ತಾರೆ, ಸರಿಯಾಗಿ ನಡೆದಾಗ ಅದಕ್ಕಿಂತ ಹೆಚ್ಚು ನಗುತ್ತಾರೆ. ಮುಂಬೈನ ಅಂಧೇರಿಯ ನಮ್ಮ ಕನ್ನಡ ಶಾಲೆಯ ಏಳನೆಯ ತರಗತಿಯಲ್ಲಿ ಆ ವರ್ಷ ಉಳಿದಿದ್ದವರೇ ಆರು ಮಂದಿ. ಎಲ್ಲರೂ ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಮಕ್ಕಳ ಸಂಖ್ಯೆ ಏರದಿದ್ದರೆ ಶಾಲೆ ಮುಚ್ಚುತ್ತೇವೆ ಎಂದು ಮೇಲಿನವರು ಹೇಳಿಬಿಟ್ಟಿದ್ದರು. ಅಂಥ ಹೊತ್ತಿನಲ್ಲಿ ನನ್ನ ಪಾಲಿಗೆ ಬಂದ ಪಾಠ ಗಾತ್ರ, ದ್ರವ್ಯರಾಶಿ ಮತ್ತು ಸಾಂದ್ರತೆ. ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ.

೧. ಗಾತ್ರವಿಲ್ಲದ ಕಲ್ಲು

ಪಾತ್ರೆಯ ತುಂಬ ನೀರು, ಕೆಳಗೊಂದು ತಟ್ಟೆ. ಕಲ್ಲನ್ನು ನೀರಿಗೆ ಇಳಿಸಿದರೆ ಎಷ್ಟು ನೀರು ಚೆಲ್ಲುತ್ತದೋ ಅಷ್ಟೇ ಕಲ್ಲಿನ ಗಾತ್ರ. ಇಷ್ಟು ಹೇಳಿ, ಕಲ್ಲನ್ನು ಮುಂದಿನ ಬೆಂಚಿನ ಹುಡುಗಿಯ ಕೈಗೆ ಕೊಟ್ಟು ನಾನು ಹಲಗೆಯ ಮೇಲೆ ಬರೆಯಲು ತಿರುಗಿದೆ. ಎರಡು ಜಡೆಯ ಈ ಹುಡುಗಿ ತರಗತಿಯ ಮುಖಂಡೆ, ಅವಳು ಹೇಳಿದ್ದಕ್ಕೆ ಉಳಿದವರ ತಕರಾರು ಇರುತ್ತಿರಲಿಲ್ಲ. ತಿರುಗಿ ನೋಡಿದರೆ ಕಲ್ಲು ನೀರಿನೊಳಗಿದೆ, ತಟ್ಟೆ ಮಾತ್ರ ಒಣಗಿದೆ. ಚೆಲ್ಲಿದ ನೀರೆಲ್ಲಿ ಎಂದೆ.

"ಚೆಲ್ಲಾಕ ಬಿಡ್ಲಿಲ್ರಿ ಸರ್. ಮೊದ್ಲ ಎರಡು ಲೋಟ ತಗದಿಟ್ಟು ಆಮ್ಯಾಲ ಕಲ್ಲ ಬಿಟ್ಟೆ."

ಅವರೆಲ್ಲ ವಾಸಿಸುವ ಚಾಳಿನಲ್ಲಿ ನಲ್ಲಿಗೆ ನೀರು ಬರುವುದು ಬೆಳಗ್ಗೆ ಸ್ವಲ್ಪ ಹೊತ್ತು ಮಾತ್ರ. ಕೊಡ ತುಳುಕಿಸಿದರೆ ಬೆನ್ನಿಗೆ ಏಟು ಬೀಳುತ್ತದೆ. ಕಲ್ಲಿನ ಗಾತ್ರ ಸೊನ್ನೆ ಎಂದು ಆರು ಮಂದಿಯೂ ಬರೆದಿದ್ದರು. ತೆಗೆದಿಟ್ಟ ಎರಡು ಲೋಟ ನೀರನ್ನು ಕುಡಿದೂ ಆಗಿತ್ತು.

೨. ಜಿಪುಣ ವಿಜ್ಞಾನ

ಮರುವಾರ ತಕ್ಕಡಿ ತಂದೆ. ನೂರು ಗ್ರಾಂ ಶೇಂಗಾ ತೂಗು ಎಂದು ಅದೇ ಹುಡುಗಿಗೆ ಹೇಳಿದೆ. ಅವಳ ಅವ್ವ ಸ್ಟೇಷನ್ನಿನ ಹೊರಗೆ ಹುರಿದ ಶೇಂಗಾ ಮಾರುತ್ತಾಳೆ, ಹುಡುಗಿಯ ಕೈ ಪಳಗಿತ್ತು. ಮುಳ್ಳು ನಟ್ಟನಡುವೆ ನಿಂತಿತು. ನಾನು ಶಭಾಸ್ ಅನ್ನುವಷ್ಟರಲ್ಲಿ ಅವಳು ಇನ್ನೊಂದು ಹಿಡಿ ಶೇಂಗಾ ತಟ್ಟೆಗೆ ಸುರಿದಳು. ಸರಿಯಾಗಿತ್ತಲ್ಲ, ಮತ್ತೆ ಯಾಕೆ ಹಾಕಿದೆ ಎಂದು ಕೇಳಿದೆ.

"ಅದು ಕೊಸರ್ರಿ ಸರ್. ಕೊಸರು ಹಾಕ್ಲಿಲ್ಲಂದ್ರ ಗಿರಾಕಿ ಮತ್ತ ಬರಂಗಿಲ್ಲ."

ವಿಜ್ಞಾನದಲ್ಲಿ ಕೊಸರು ಇಲ್ಲ, ತೂಕ ಎಷ್ಟಿದೆಯೋ ಅಷ್ಟೇ ಎಂದು ಬಹಳ ಹೊತ್ತು ವಿವರಿಸಿದೆ. ಅವಳು ಶೇಂಗಾವನ್ನು ಒಂದೊಂದಾಗಿ ಹಿಂದಕ್ಕೆ ತೆಗೆದಳು. ಆಮೇಲೆ ಪಕ್ಕದವಳಿಗೆ, ವಿಜ್ಞಾನ ಭಾಳ ಜಿಪುಣ ಐತಿ ಎಂದು ನನಗೆ ಕೇಳುವಂತೆಯೇ ಹೇಳಿದಳು.

೩. ಸರಿಯಾದ ಉತ್ತರ

ಶಾಲೆ ಉಳಿಸಬೇಕೋ ಮುಚ್ಚಬೇಕೋ ಎಂದು ನೋಡಲು ಒಬ್ಬ ಅಧಿಕಾರಿ ಬಂದರು. ಅಷ್ಟರಲ್ಲಿ ಮೂರು ಮಕ್ಕಳ ಮನೆಯವರು ಕೆಲಸ ಹುಡುಕಿಕೊಂಡು ಬೇರೆ ಕಡೆ ಹೋಗಿಬಿಟ್ಟಿದ್ದರು. ಅಧಿಕಾರಿಯ ಮಾತೆಲ್ಲ ಮರಾಠಿಯಲ್ಲಿ. ಅದನ್ನು ಕನ್ನಡಕ್ಕೆ ತಿರುಗಿಸುವ ಕೆಲಸ ನಮ್ಮ ಹೆಡ್‌ಮೇಡಂ ಅವರದು. ಸಾಂದ್ರತೆ ಎಂದರೇನು, ಉದಾಹರಣೆ ಕೊಟ್ಟು ಹೇಳಿ ಎಂದು ಅಧಿಕಾರಿ ಕೇಳಿದರು. ಹುಡುಗಿ ಎದ್ದು ನಿಂತಳು.

"ಈ ಖೋಲಿ ಮೊದ್ಲ ಎಷ್ಟಿತ್ತೋ ಈಗೂ ಅಷ್ಟ ಐತ್ರಿ. ಆವಾಗ ಬೆಂಚ್ ತುಂಬ ಮಂದಿ ಇದ್ರು, ಈಗ ಮೂರ ಮಂದಿ ಅದೀವಿ. ಅಂದ್ರ ಸಾಂದ್ರತಾ ಕಡಿಮಿ ಆತು."

ಇಷ್ಟು ಚೆನ್ನಾದ ಉತ್ತರವನ್ನು ನನ್ನ ಯಾವ ವಿದ್ಯಾರ್ಥಿಯೂ ಕೊಟ್ಟಿರಲಿಲ್ಲ. ಖುಷಿಪಡಲು ಮಾತ್ರ ನನ್ನಿಂದ ಆಗಲಿಲ್ಲ. ಹೆಡ್‌ಮೇಡಂ ಮುಖದ ಬೆವರು ಒರೆಸಿಕೊಂಡು, ಹುಡುಗಿ ಎಣ್ಣೆ ನೀರಿನ ಮೇಲೆ ತೇಲುವ ವಿಷಯ ಹೇಳುತ್ತಿದ್ದಾಳೆ ಎಂದು ಮರಾಠಿಯಲ್ಲಿ ಸಾಗಹಾಕಿದರು. ಅಧಿಕಾರಿ ತಲೆಯಾಡಿಸಿ, ಚಹಾ ಕುಡಿದು ಎದ್ದರು. ಬಾಗಿಲ ಬಳಿ ನಿಂತು ಸ್ವಚ್ಛ ಕನ್ನಡದಲ್ಲಿ ಹೇಳಿದರು: "ನಮ್ಮ ತಾಯಿ ಬೆಳಗಾವಿಯವರು, ಮೇಡಂ. ಹುಡುಗಿಯ ಉತ್ತರ ಸರಿಯಾಗಿದೆ."

೪. ಕೊನೆಯ ತೂಕ

ವರ್ಷದ ಕೊನೆಗೆ ಶಾಲೆ ಮುಚ್ಚಿತು. ಮುರಿದ ಕುರ್ಚಿ, ಹಳೆಯ ಪುಸ್ತಕಗಳನ್ನೆಲ್ಲ ಗುಜರಿ ಕೊಳ್ಳುವ ಭಂಗಾರವಾಲಾನಿಗೆ ತೂಕಕ್ಕೆ ಹಾಕಿ ಎಂದು ಹೇಳಿ ಹೆಡ್‌ಮೇಡಂ ಒಳಗೆ ಹೋಗಿ ಕುಳಿತರು. ಅವರಿಗೆ ಅದನ್ನು ನೋಡುವುದಾಗಲಿಲ್ಲ. ನನಗೂ ಆಗುತ್ತಿರಲಿಲ್ಲ, ಆದರೆ ಯಾರಾದರೂ ನಿಲ್ಲಬೇಕಿತ್ತು. ಹುಡುಗಿ ಅಂದೇ ಅಪ್ಪನ ಜೊತೆ ದಾಖಲೆ ಒಯ್ಯಲು ಬಂದಿದ್ದಳು. ಇನ್ನು ಮುಂದೆ ಅವಳು ಮನೆಯ ಹತ್ತಿರದ ಹಿಂದಿ ಶಾಲೆಗೆ ಹೋಗುವವಳು.

ಭಂಗಾರವಾಲಾ ಕನ್ನಡ ಪುಸ್ತಕಗಳ ಕಟ್ಟನ್ನು ತಕ್ಕಡಿಗೆ ಏರಿಸಿದ. ಮುಳ್ಳು ನಿಂತಿತು. ಹುಡುಗಿ ತನ್ನ ಚೀಲದಿಂದ ಏಳನೆಯ ತರಗತಿಯ ವಿಜ್ಞಾನದ ಪುಸ್ತಕ ತೆಗೆದು ಆ ಕಟ್ಟಿನ ಮೇಲಿಟ್ಟಳು. ಅರೆ, ತೋಲ್ ತೋ ಹೋ ಗಯಾ, ತೂಕ ಆಗಿಹೋಯಿತಲ್ಲ ಎಂದು ಅವನು ಬೆರಗಾದ. ನಿನ್ನ ಪುಸ್ತಕ ಯಾಕೆ ಇಟ್ಟೆ ಎಂದು ನಾನು ಕೇಳಿದೆ.

"ಹಿಂದಿ ಸಾಲ್ಯಾಗ ಇದು ನಡಿಯಂಗಿಲ್ರಿ. ಕೊಸರ ಹಾಕಿದ್ರ ಗಿರಾಕಿ ಮತ್ತ ಬರ್ತಾನಲ್ರಿ ಸರ್."

ನನಗೆ ಅಳು ಬಂತು. ಮುಚ್ಚಿಡಲು ಹೋಗಲಿಲ್ಲ, ಅತ್ತುಬಿಟ್ಟೆ. ಅವಳ ಅಪ್ಪ ಏನು ಮಾಡಬೇಕೆಂದು ತಿಳಿಯದೆ ನನ್ನ ತೋಳು ಹಿಡಿದುಕೊಂಡ.

"ಅವನು ಮತ್ತೆ ಬಂದರೆ ಕೊಡೋದಕ್ಕೆ ಇಲ್ಲಿ ಏನೂ ಉಳಿದಿಲ್ಲ ಮಗಳೇ," ಎಂದೆ.

ಅವಳು ಖಾಲಿ ತರಗತಿಯನ್ನೊಮ್ಮೆ, ಭಂಗಾರವಾಲಾನನ್ನೊಮ್ಮೆ ನೋಡಿದಳು. ಆಮೇಲೆ ತಕ್ಕಡಿಯಿಂದ ತನ್ನ ಪುಸ್ತಕವನ್ನು ತೆಗೆದು ಚೀಲಕ್ಕೆ ಹಾಕಿಕೊಂಡಳು.

"ಹಂಗಾರ ಇವಗ್ಯಾಕ್ರಿ ಕೊಸರು?"