ಒಂಬತ್ತನೇ ನಂಬರಿನ ಜಾಗದಲ್ಲಿ ಬೀರು

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಕ್ಲಬ್ಬಿನ ಕಾರ್ಯದರ್ಶಿಗಳ ನಾಲಿಗೆ. ಅವರ ಹೊಟ್ಟೆಯಲ್ಲಿ ಊಟ ನಿಂತೀತು, ಮಾತು ನಿಲ್ಲುವುದಿಲ್ಲ. ಶನಿವಾರ ಬೆಳಿಗ್ಗೆ ಟೈಲರ್ ಮಾವ ಅಂಗಡಿಯ ಶಟರನ್ನು ಇನ್ನೂ ಪೂರ್ತಿ ಎತ್ತಿರಲಿಲ್ಲ, ಕಾರ್ಯದರ್ಶಿಗಳು ಅರ್ಧ ತೆರೆದ ಬಾಗಿಲಡಿಯೇ ಬಗ್ಗಿ ಒಳಗೆ ನುಗ್ಗಿದರು.

"ಟೈಲರೇ, ಮೊದಲು ಕೂತ್ಕೊಳ್ಳಿ. ನಿಂತು ಕೇಳೋ ಸುದ್ದಿ ಅಲ್ಲ ಇದು."

"ಅಯ್ಯೋ, ಯಾರಿಗೆ ಏನಾಯ್ತು?"

"ಯಾರಿಗೂ ಏನೂ ಆಗಿಲ್ಲ ಮಾರಾಯ್ರೇ! ದೊಡ್ಡ ಕ್ಲಬ್ಬಿನವರು ಇವತ್ತು ಪಂದ್ಯಕ್ಕೆ ಬರ್ತಿದಾರೆ. ಬೂದು ಕೋಟಿನ ಮನುಷ್ಯ, ನೋಡಿದರೆ ಗೊತ್ತಾಗುತ್ತೆ. ನಮ್ಮ ಮಿಡತೆ ಮೇಲೆ ಅವರ ಕಣ್ಣು ಬಿದ್ದಿದೆ. ಹುಡುಗನ ಅದೃಷ್ಟದ ಬಾಗಿಲು ತೆರೀತು ಅಂದ್ಕೊಳ್ಳಿ. ಯಾರಿಗೂ ಹೇಳಬೇಡಿ ಅಂತ ನನಗೆ ಹೇಳಿದಾರೆ, ಅದಕ್ಕೇ ನಿಮಗೊಬ್ಬರಿಗೇ ಹೇಳ್ತಿದೀನಿ."

ನಿಮಗೊಬ್ಬರಿಗೇ ಎಂದ ಮಾತನ್ನು ಅವರು ಆಗಲೇ ಬೇಕರಿಯಲ್ಲೂ ಹಲ್ಲಿನ ಡಾಕ್ಟರ ಮನೆಯಲ್ಲೂ ಹೇಳಿ ಬಂದಿದ್ದರು. ಮಾವನ ಕೈಯಲ್ಲಿದ್ದ ಸೂಜಿ ಹೆಬ್ಬೆರಳಿಗೆ ಚುಚ್ಚಿತು. ಅವರು ಅದನ್ನು ಬಾಯಲ್ಲಿಟ್ಟುಕೊಂಡು, "ಸಂತೋಷ," ಎಂದರು.

ಸಂತೋಷ ಎಲ್ಲಿ ಬಂತು! ಮಿಡತೆ ಅವರ ಅಕ್ಕನ ಮಗ. ಅಕ್ಕ ತೀರಿಕೊಂಡಾಗ ಮಗು ಇನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲೂ ಬರದ ಕೂಸು. ಅಪ್ಪ ಎನ್ನಿಸಿಕೊಂಡವನು ಬೇರೆ ಸಂಸಾರ ಕಟ್ಟಿಕೊಂಡ. ಮಾವ ಮದುವೆಯ ಮಾತನ್ನೇ ಬಿಟ್ಟು ಮಗುವನ್ನು ಎತ್ತಿಕೊಂಡು ಬಂದರು. ಹೊಲಿಗೆ ಮಷೀನಿನ ಕೆಳಗೆ ಚಿಂದಿ ಬಟ್ಟೆಯ ಗುಡ್ಡೆಯ ಮೇಲೆ ಮಲಗಿ ಬೆಳೆದ ಹುಡುಗ ಅದು. ಅವನು ಮಾವ ಮಾವ ಎನ್ನುವುದನ್ನು ಕೇಳಿ ತಂಡದ ಹುಡುಗರೂ ಹಾಗೇ ಕರೆದರು, ಅವರನ್ನು ಕೇಳಿ ಅವರ ಅಪ್ಪ ಅಮ್ಮಂದಿರೂ ಕರೆದರು. ಈಗ ಇಡೀ ಬೀದಿಗೆ ಅವರು ಮಾವ.

ಹೊಲಿಯುವುದು ಹೊಟ್ಟೆಪಾಡು, ರಗ್ಬಿ ಮಾವನ ಹುಚ್ಚು. ವಯಸ್ಸಿನಲ್ಲಿ ತಾವೂ ಆಡಿ ಮೂಗು ಮುರಿದುಕೊಂಡವರು. ಆ ಮೂಗು ಈಗಲೂ ಎಡಗಡೆಗೇ ನೋಡುತ್ತದೆ. ಕ್ಲಬ್ಬಿನ ಎಳೆಯ ಹುಡುಗರ ತಂಡಕ್ಕೆ, ಎಲ್ಲರೂ ಕೋಲ್ಟ್ಸ್ ಎನ್ನುವ ತಂಡಕ್ಕೆ, ಅವರೇ ಕೋಚು. ಈ ವರ್ಷ ತಂಡ ಹಿಂದೆಂದೂ ಆಡದ ಹಾಗೆ ಆಡಿತ್ತು, ಇವತ್ತಿನ ಕೊನೆಯ ಪಂದ್ಯ ಗೆದ್ದರೆ ಕಪ್ ಅವರದೇ. ಅದಕ್ಕೆ ಇಬ್ಬರು ಕಾರಣ. ಒಬ್ಬ ಬೇಕರಿಯಮ್ಮನ ಮಗ ಬೀರು. ಬಾಗಿಲಲ್ಲಿ ನಿಂತರೆ ಕೋಣೆಗೆ ಬೆಳಕು ಬರುವುದಿಲ್ಲ. ಎದುರಾಳಿಗಳು ತಲೆಗೆ ತಲೆ ಕೊಟ್ಟು ನೂಕುವಾಗ ಮುಂದಿನ ಸಾಲಿನಲ್ಲಿ ಅವನೊಬ್ಬನಿದ್ದರೆ ಸಾಕು. ಇನ್ನೊಬ್ಬ ಮಿಡತೆ, ಒಂಬತ್ತನೇ ನಂಬರು. ಆ ನೂಕುನುಗ್ಗಲಿನ ಕಾಲುಗಳ ಮಧ್ಯದಿಂದ ಚೆಂಡನ್ನು ಎತ್ತಿ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದಿನವರ ಕೈಗೆ ಕೊಡುವುದು ಅವನ ಕೆಲಸ. ಅವನು ಎಲ್ಲಿಂದ ಹಾರಿ ಎಲ್ಲಿ ಇಳಿಯುತ್ತಾನೋ ಎದುರಾಳಿಗಳಿಗಂತೂ ತಿಳಿಯುತ್ತಿರಲಿಲ್ಲ.

ಅಂಥ ಹುಡುಗ ಹೋಗಿಬಿಡುತ್ತಾನೆ. ಮಾವ ಹಿಂದಿನ ಕೋಣೆಯ ಕಡೆ ನೋಡಿದರು. ಎರಡು ತಟ್ಟೆ, ಎರಡು ಲೋಟ, ಎರಡು ಹಾಸಿಗೆ. ಇವನು ಹೋದರೆ ಈ ಮನೆಯಲ್ಲಿ ನನ್ನ ಜೊತೆ ಮಾತಾಡೋಕೆ ಮಷೀನೊಂದೇ ಉಳಿಯುತ್ತೆ ಎಂದುಕೊಂಡರು. ಹೆದರಿದ ಮನುಷ್ಯನಿಗೆ ಒಳ್ಳೆಯ ಬುದ್ಧಿ ಬರುವುದು ಕಡಿಮೆ. ಕಾರ್ಯದರ್ಶಿಗಳು ಬೀದಿಯ ತಿರುವು ದಾಟುವಷ್ಟರಲ್ಲಿ ಮಾವ ತೀರ್ಮಾನ ಮಾಡಿಯಾಗಿತ್ತು: ಬೂದು ಕೋಟಿನವನ ಕಣ್ಣಿಗೆ ಹುಡುಗ ಬೀಳಬಾರದು.

ಮಧ್ಯಾಹ್ನ ಹೊರಡುವಾಗ ಮಿಡತೆಯೇ ವಿಚಿತ್ರವಾಗಿ ಆಡುತ್ತಿದ್ದ. ಮಾವನ ಕೋಟನ್ನು ತಾನೇ ಇಸ್ತ್ರಿ ಮಾಡಿಟ್ಟಿದ್ದ.

"ಮಾವ, ಇವತ್ತು ಇದನ್ನೇ ಹಾಕ್ಕೊಳ್ಳಿ. ಗಡ್ಡ ಕೆರ್ಕೊಂಡ್ರಾ?"

"ಆಡೋನು ನೀನು. ನನ್ನ ಗಡ್ಡ ಯಾರಿಗೆ ಬೇಕೋ?"

"ಇರಲಿ ಮಾವ. ಇವತ್ತು ಚೆನ್ನಾಗಿ ನಡೆಸಿಕೊಡಿ, ಅಷ್ಟೇ." ಹುಡುಗ ಉಗುರು ಕಚ್ಚುತ್ತಿದ್ದ. ಇವನಿಗೂ ಸುದ್ದಿ ಮುಟ್ಟಿದೆ, ಹೋಗೋಕೆ ತುದಿಗಾಲಲ್ಲಿ ನಿಂತಿದಾನೆ ಎಂದು ಮಾವನಿಗೆ ಇನ್ನಷ್ಟು ಸಂಕಟವಾಯಿತು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಮಾವ ಯಾರ ಮುಖವನ್ನೂ ನೋಡದೆ ಹೇಳಿದರು: "ಇವತ್ತು ಒಂಬತ್ತಕ್ಕೆ ಬೀರು. ಮಿಡತೆ ಬಲಗಡೆ ಅಂಚಿಗೆ. ಮುಂದಿನ ಸಾಲಿಗೆ ಬದಲಿ ಹುಡುಗ."

ಬೂಟಿನ ದಾರ ಕಟ್ಟುತ್ತಿದ್ದ ಬೀರು ಬಗ್ಗಿದವನು ಬಗ್ಗಿದ ಹಾಗೇ ಕೇಳಿದ, "ಮಾವ, ನಾನು ಓಡಬೇಕಾ?"

"ಓಡೋ!"

"ಮಾವ..." ಎಂದ ಮಿಡತೆ. ಅವನ ಮುಖ ಸಣ್ಣಗಾಗಿತ್ತು. "ಇವತ್ತು ಬೇಡ ಮಾವ. ಬೇರೆ ಯಾವತ್ತಾದ್ರೂ ಮಾಡಿ. ನಿಮ್ಮ ದಮ್ಮಯ್ಯ."

"ಕೋಚು ನೀನೋ ನಾನೋ?"

ಹುಡುಗ ಬೂಟು ಎತ್ತಿಕೊಂಡ. ಮಾವ ಹೇಳಿದ ಮೇಲೆ ಅವನ ಪಾಲಿಗೆ ಅದು ಮುಗಿದ ಮಾತು.

ಸುದ್ದಿ ಹೊರಗೆ ಬಿತ್ತು. ಬೇಕರಿಯಮ್ಮ ಮೈದಾನದ ಅಂಚಿನಿಂದ ಓಡುತ್ತಾ ಬಂದು ಎಲ್ಲರೆದುರು ಮಾವನ ಎರಡೂ ಕೈ ಹಿಡಿದುಕೊಂಡಳು. "ದೇವರಂಥ ಮನುಷ್ಯ ಕಣ್ರೀ ನೀವು! ದೊಡ್ಡ ಕ್ಲಬ್ಬಿನವರು ಬಂದ ದಿನ ಸ್ವಂತ ಅಳಿಯನನ್ನ ಪಕ್ಕಕ್ಕೆ ಸರಿಸಿ ನನ್ನ ಮಗನನ್ನ ಮುಂದೆ ಮಾಡಿದ್ರಲ್ಲ, ಯಾರು ಮಾಡ್ತಾರೆ ಈ ಕಾಲದಲ್ಲಿ?" ಅವಳ ಕಣ್ಣಲ್ಲಿ ನಿಜಕ್ಕೂ ನೀರಿತ್ತು. ಹಲ್ಲಿನ ಡಾಕ್ಟರು ಮಾವನ ಬೆನ್ನು ತಟ್ಟಿದರು. ಮಾವನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಬೂದು ಕೋಟಿನ ಮನುಷ್ಯ ಆಚೆ ಬದಿಯಲ್ಲಿ ಒಬ್ಬನೇ ನಿಂತಿದ್ದ. ಆಗಾಗ ಮಾವನ ಕಡೆಗೇ ನೋಡುತ್ತಿದ್ದ. ಮಾವ ಆ ಕಡೆ ಬೆನ್ನು ತಿರುಗಿಸಿ ನಿಂತರು.

ಆಟ ಶುರುವಾಯಿತು. ಅಂಚಿಗೆ ನಿಲ್ಲಿಸಿದವನಿಗೆ ಇವತ್ತೆಲ್ಲ ಚೆಂಡು ಮುಟ್ಟಲೂ ಸಿಗುವುದಿಲ್ಲ ಎನ್ನುವುದು ಮಾವನ ಲೆಕ್ಕ. ಆದರೆ ಬೀರು ಚೆಂಡೆಸೆಯುವ ರೀತಿಯನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಿಟ್ಟಿನ ಮೂಟೆ ಎಸೆದು ಬೆಳೆದ ಕೈ ಅದು. ಮಗ್ಗುಲಲ್ಲಿದ್ದವನಿಗೆ ಕೊಡಬೇಕಾದ ಚೆಂಡು ನಾಲ್ಕು ತಲೆಗಳ ಮೇಲೆ ಹಾರಿ ನೇರ ಬಲಗಡೆ ಅಂಚಿಗೇ ಹೋಯಿತು. ಅಲ್ಲಿ ಮಿಡತೆ ಇದ್ದ. ಚೆಂಡು ಹಿಡಿದವನು ಒಬ್ಬನ ಕಂಕುಳಡಿ ನುಸುಳಿ, ಇನ್ನೊಬ್ಬನನ್ನು ಎಡಕ್ಕೆ ಕಳಿಸಿ ತಾನು ಬಲಕ್ಕೆ ಹೋಗಿ, ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತಿ ಎದ್ದು ನಿಂತ. ಅಂಕ ಬಂತು, ಮೈದಾನವೆಲ್ಲ ಚಪ್ಪಾಳೆ.

"ಏನ್ ತಲೆ ಮಾವಂದು!" ಎಂದು ಕಾರ್ಯದರ್ಶಿಗಳು ಕುಣಿದರು. "ಹುಡುಗನಿಗೆ ಬಯಲೇ ಬಿಟ್ಟುಕೊಟ್ಟಿದಾರೆ ನೋಡಿ!"

ಬೀರು ಮತ್ತೆ ಎಸೆದ, ಮತ್ತೆ ಅಷ್ಟೇ ದೂರ ಹೋಯಿತು, ಮಿಡತೆ ಮತ್ತೆ ಗೆರೆ ದಾಟಿದ. ಎರಡನೇ ಸಲ ಎದ್ದವನು ಬೂದು ಕೋಟಿನವನ ಕಡೆ ನೋಡಲಿಲ್ಲ. ಓಡುತ್ತಲೇ ಮಾವನ ಕಡೆ ಕೈ ತೋರಿಸಿದ, ಇದೆಲ್ಲ ಇವರದೇ ಉಪಾಯ ಎನ್ನುವ ಹಾಗೆ. ಮಾವನ ಎದೆ ಹಿಗ್ಗಿತು, ಅದೇ ಉಸಿರಿಗೆ ಕುಸಿಯಿತು. ಇನ್ನೊಂದು ಹೊಡೆದರೆ ಹುಡುಗನನ್ನು ಇವತ್ತೇ ಹೊತ್ತುಕೊಂಡು ಹೋಗುತ್ತಾರೆ. ಅವರು ತಡೆಯಲಾರದೆ ಕೈ ಎತ್ತಿ ಕೂಗಿದರು.

"ಕುಂಟ್ತಿದಾನೆ! ನನ್ನ ಹುಡುಗ ಕುಂಟ್ತಿದಾನೆ!"

ರೆಫರಿ ಆಟ ನಿಲ್ಲಿಸಿದ. ಮಿಡತೆ ಸುತ್ತಮುತ್ತ ನೋಡಿದ, ಯಾರು ಕುಂಟುತ್ತಿದ್ದಾರೆ ಎಂದು ತಿಳಿಯಲು. ಹಲ್ಲಿನ ಡಾಕ್ಟರೇ ಕ್ಲಬ್ಬಿಗೂ ಡಾಕ್ಟರು. ಅವರು ಚೀಲ ಹಿಡಿದು ಓಡಿದರು, ಅಭ್ಯಾಸಬಲದಿಂದ ಮೊದಲು ಹುಡುಗನ ಬಾಯಿ ತೆಗೆಸಿ ನೋಡಿದರು.

"ಎಲ್ಲ ಚೆನ್ನಾಗಿದೆ," ಎಂದರು.

"ಮಂಡಿ ನೋಡಿ ಡಾಕ್ಟ್ರೇ, ಮಂಡಿ!"

"ಮಂಡಿನೂ ಚೆನ್ನಾಗಿದೆ."

"ನನಗೆ ಗೊತ್ತು. ಸಾಕಿದವನು ನಾನು. ಹೊರಗೆ ಬರಲಿ."

ಮಿಡತೆ ಮಾವನ ಮುಖವನ್ನೇ ನೋಡುತ್ತಾ ನಿಂತ. ಆಮೇಲೆ ತಲೆ ತಗ್ಗಿಸಿ ಹೊರಗೆ ಬಂದು ಬೆಂಚಿನ ಮೇಲೆ ಕೂತ. ಚೆನ್ನಾಗಿದ್ದ ಮಂಡಿಗೆ ಮಾವ ದಪ್ಪನೆ ಪಟ್ಟಿ ಕಟ್ಟಿದರು.

ಅಲ್ಲಿಂದಾಚೆ ನಡೆದದ್ದು ನೋಡುವಂತಿರಲಿಲ್ಲ. ಬೀರು ಎಸೆದ ಚೆಂಡುಗಳೆಲ್ಲ ಅದೇ ಖಾಲಿ ಅಂಚಿಗೆ ಹೋಗಿ ಎದುರಾಳಿಗಳ ಕೈ ಸೇರಿದವು. ಬೀರು ಇಲ್ಲದ ಮುಂದಿನ ಸಾಲು ಒದ್ದೆ ರಟ್ಟಿನ ಹಾಗೆ ಮಡಚಿಕೊಂಡಿತು. ವರ್ಷವಿಡೀ ಗೆದ್ದುಕೊಂಡು ಬಂದ ತಂಡ ಕೊನೆಯ ಪಂದ್ಯ ಸೋತಿತು, ಕಪ್ ಬೇರೆಯವರ ಪಾಲಾಯಿತು. ಬೀರು ಮೈದಾನದ ನಡುವೆ ಕೂತು ಮುಂಗೈಯಲ್ಲಿ ಕಣ್ಣೊರೆಸಿಕೊಳ್ಳುತ್ತಾ ಅತ್ತ. ಅಷ್ಟು ದೊಡ್ಡ ಹುಡುಗ ಹಾಗೆ ಅಳುವುದನ್ನು ಮಾವ ಯಾವತ್ತೂ ನೋಡಿರಲಿಲ್ಲ. ಇದು ನಾನು ಮಾಡಿದ್ದು ಎಂದು ಸಂಕಟವಾಯಿತು. ಆದರೂ ನಿಜ ಹೇಳಬೇಕೆಂದರೆ, ಆ ಸಂಕಟದ ಅಡಿಯಲ್ಲೆಲ್ಲೋ ಒಂದು ನೆಮ್ಮದಿ. ಹುಡುಗ ಇನ್ನು ಮನೆಯಲ್ಲೇ ಇರುತ್ತಾನೆ.

ಬೂದು ಕೋಟಿನ ಮನುಷ್ಯ ಮೈದಾನ ದಾಟಿಕೊಂಡು ನೇರ ಮಾವನ ಹತ್ತಿರ ಬಂದ.

"ಹುಡುಗನ ಆಟ ಇವತ್ತು ಅಷ್ಟಕ್ಕಷ್ಟೇ," ಎಂದರು ಮಾವ ತಾವೇ ಮೊದಲಾಗಿ. "ಅವನು ಒಂದೊಂದು ದಿನ ಹಾಗೇ."

"ಅವನ ಆಟ ನಾವು ಈ ವರ್ಷ ಬೇಕಾದಷ್ಟು ನೋಡಿದೀವಿ ಸಾರ್. ಬಾ ಅಂತ ಹೋದ ತಿಂಗಳೇ ಕರೆದಿದೀವಿ."

"ಮತ್ತೆ ಇವತ್ತು?"

"ಇವತ್ತು ಬಂದಿದ್ದು ನಿಮ್ಮನ್ನ ನೋಡೋಕೆ."

ಮಾವನಿಗೆ ಅರ್ಥವಾಗಲಿಲ್ಲ. ಆತ ನಿಧಾನವಾಗಿ, ನೋಯಿಸಬಾರದೆನ್ನುವವನ ಹಾಗೆ ಹೇಳಿದ. "ಬಂದರೆ ಮಾವನ ಜೊತೆ ಬರ್ತೀನಿ, ಇಲ್ಲದಿದ್ರೆ ಇಲ್ಲ ಅಂತ ಹಟ ಹಿಡಿದುಬಿಟ್ಟ. ನಮ್ಮ ಕೋಲ್ಟ್ಸ್ ತಂಡಕ್ಕೂ ಒಬ್ಬ ಕೋಚ್ ಬೇಕಿತ್ತು. ನಮ್ಮ ಮಾವನಂಥವರು ನಿಮಗೆ ಎಲ್ಲೂ ಸಿಗಲ್ಲ ಅಂದ. ಒಂದು ಪಂದ್ಯ ನಡೆಸೋದನ್ನ ನೋಡ್ತೀವಿ, ಅವರಿಗೆ ಮಾತ್ರ ಹೇಳಬೇಡ ಅಂದಿದ್ವಿ. ಮೈದಾನದ ಹಿಂದೇನೇ ಇಬ್ಬರಿಗೂ ಅಂತ ಮನೆ ನೋಡಿಟ್ಟಿದ್ವಿ." ಆತ ಕೆಮ್ಮಿದ. "ಬೇಜಾರ್ ಮಾಡ್ಕೋಬೇಡಿ ಸಾರ್. ಗೆಲ್ತಿದ್ದ ಆಟದಲ್ಲಿ ಗೆಲ್ಲಿಸ್ತಿದ್ದವನನ್ನೇ ಹೊರಗೆ ಕರೆದು ಕೂರಿಸಿದ್ರಿ. ಆ ದಪ್ಪ ಹುಡುಗನನ್ನ ಒಂಬತ್ತಕ್ಕೆ ಯಾಕೆ ಹಾಕಿದ್ರೋ ನನಗೆ ಗೊತ್ತಾಗಲಿಲ್ಲ. ನಮ್ಮ ಹುಡುಗರನ್ನ ನಿಮ್ಮ ಕೈಗೆ ಕೊಡೋ ಧೈರ್ಯ ನನಗಿಲ್ಲ."

ಮಾವ ಬಾಯಿ ತೆರೆದರು. ಆಟ ಬಾರದೆ ಮಾಡಿದ್ದಲ್ಲ ಸ್ವಾಮಿ, ಬೇಕಂತಲೇ ಮಾಡಿದ್ದು ಎನ್ನಬೇಕು. ಹಾಗೆಂದರೆ ದಡ್ಡ ಹೋಗಿ ಮೋಸಗಾರನಾಗುತ್ತೇನೆ. ಬಾಯಿ ಮುಚ್ಚಿದರು.

"ಹುಡುಗನಿಗೆ ಜಾಗ ಇದ್ದೇ ಇದೆ," ಎಂದ ಆತ. "ನೀವಿಲ್ಲದೆ ಬರ್ತಾನಾ ಕೇಳಿ ನೋಡಿ. ಸಂಜೆ ಬಸ್ಸಿಗೆ ನಾನು ಹೋಗ್ತಿದೀನಿ. ಇವತ್ತೇ ಹೇಳಬೇಕು, ಇಲ್ಲದಿದ್ರೆ ಇನ್ನೊಬ್ಬ ಕಾಯ್ತಿದಾನೆ."

ಆತ ಅತ್ತ ಹೋಗುತ್ತಲೇ ಮಿಡತೆ ಇತ್ತ ಓಡಿ ಬಂದ. ಪಟ್ಟಿ ಬಿಚ್ಚಿ ಕಾಲಿಗೆ ತೊಡರಿಕೊಂಡಿತ್ತು.

"ಹೇಳಿದ್ರಾ ಮಾವ? ಏನಂದ್ರು? ಇಬ್ಬರೂ ಬನ್ನಿ ಅಂದ್ರಾ?"

ಬೇಡ ಅಂದ್ರು ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಹಾಗಾದ್ರೆ ನಾನೂ ಹೋಗಲ್ಲ ಎಂದು ಹುಡುಗ ಅಲ್ಲೇ ಕೂತುಬಿಡುತ್ತಿದ್ದ. ಬೆಳಿಗ್ಗೆಯಿಂದ ಮಾವ ಹೆಣಗಾಡಿದ್ದೇ ಅದಕ್ಕೆ. ಈಗ ಅದು ತಾನಾಗಿ ಕಾಲಬುಡಕ್ಕೆ ಬಂದು ಬಿದ್ದಿದೆ, ಬಗ್ಗಿ ಎತ್ತಿಕೊಂಡರಾಯಿತು. ಮಾವ ಹುಡುಗನ ಮುಖ ನೋಡಿದರು. ನನ್ನನ್ನು ಬಿಟ್ಟು ಹೋಗುವ ಯೋಚನೆಯೇ ಈ ಮಗುವಿಗೆ ಬಂದಿರಲಿಲ್ಲವಲ್ಲ ಎಂದು ನೆನೆದು ಕಣ್ಣು ತುಂಬಿತು. ಮೂಗು ಒರೆಸುವ ನೆವದಲ್ಲಿ ಅದನ್ನೂ ಒರೆಸಿಕೊಂಡರು.

"ನೀನು ಹೋಗು. ನಾನು ಬರಲ್ಲ."

"ಯಾಕೆ?"

"ಅಂಗಡಿ ಇದೆ. ಗಿರಾಕಿಗಳಿದಾರೆ. ನಿನ್ನ ಹಿಂದೆ ಇನ್ನೆಷ್ಟು ದಿನ ಅಂತ ಅಲೀಲಿ? ನನಗೂ ಸಾಕಾಗಿದೆ ಕಣೋ."

ಹುಡುಗ ತೊಡರಿದ ಪಟ್ಟಿಯನ್ನು ಕಾಲಿನಿಂದ ಬಿಡಿಸಿಕೊಂಡ. ಆಮೇಲೆ ಅವನಿಗೆ ಏನೋ ಹೊಳೆಯಿತು. ಹೊಳೆದದ್ದು ಮುಖದ ಮೇಲೆ ಮೆಲ್ಲಗೆ ಹರಡಿಕೊಂಡದ್ದನ್ನು ಮಾವ ನೋಡುತ್ತಲೇ ನಿಂತರು.

"ನಿಮಗೆ ಮೊದಲೇ ಗೊತ್ತಿತ್ತಾ ಮಾವ? ಅವರು ನಿಮ್ಮನ್ನ ನೋಡೋಕೆ ಬರ್ತಾರೆ ಅಂತ? ಅದಕ್ಕೇನಾ ಬೀರುನ ಒಂಬತ್ತಕ್ಕೆ ಹಾಕಿದ್ದು? ಬೇಕಂತ ಸೋಲಿಸಿದ್ರಾ, ನನ್ನ ಜೊತೆ ಬರಬಾರದು ಅಂತ?"

ಇಡೀ ದಿನ ತಲೆ ಕೆಡಿಸಿಕೊಂಡರೂ ಮಾವನಿಗೆ ಇಂಥದೊಂದು ಸುಳ್ಳು ಹೊಳೆಯುತ್ತಿರಲಿಲ್ಲ. ಹುಡುಗನೇ ಅಳತೆ ತೆಗೆದು ಹೊಲಿದು ಕೈಗೆ ಕೊಟ್ಟಿದ್ದ.

"ಹೂಂ," ಎಂದರು ಮಾವ.

ಸಂಜೆ ಬಸ್ ನಿಲ್ದಾಣಕ್ಕೆ ಇಡೀ ಬೀದಿಯೇ ಬಂದಿತ್ತು. ಮಾವ ಹೂಂ ಎಂದದ್ದು ಕಾರ್ಯದರ್ಶಿಗಳ ಕಿವಿಗೆ ಬಿದ್ದ ಮೇಲೆ ಇನ್ನು ಯಾರಿಗೆ ತಿಳಿಯದು? ಬೇಕರಿಯಮ್ಮ ಬ್ರೆಡ್ಡಿನ ಪೊಟ್ಟಣವನ್ನು ಹುಡುಗನ ಚೀಲಕ್ಕೆ ತುರುಕಿ ಮಾವನ ಕಡೆ ತಿರುಗಿದಳು.

"ಮಧ್ಯಾಹ್ನ ಇದೇ ಬಾಯಲ್ಲಿ ದೇವರಂಥ ಮನುಷ್ಯ ಅಂದೆನಲ್ಲ, ನನ್ನ ಬಾಯಿಗಿಷ್ಟು ಮಣ್ಣು ಬೀಳ! ಜೊತೆಗಿರು ಅಂತ ಮಗು ಕೈ ಚಾಚಿದರೆ ಒದ್ದುಬಿಟ್ರಲ್ರೀ. ನನ್ನ ಮಗನನ್ನೂ ನಾಲ್ಕು ಜನರ ಮುಂದೆ ಅಳಿಸಿದ್ರಿ. ಎದೆನೋ ಕಲ್ಲೋ ಅದು?"

ಯಾರೂ ಅವಳನ್ನು ತಡೆಯಲಿಲ್ಲ. ಹಲ್ಲಿನ ಡಾಕ್ಟರು ಮುಖ ತಿರುಗಿಸಿಕೊಂಡರು. ಮಾವ ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು ತಪ್ಪು ಮಾಡಿದ ಹುಡುಗನ ಹಾಗೆ ನಿಂತಿದ್ದರು.

ಬಸ್ಸಿನ ಮೆಟ್ಟಿಲ ಮೇಲಿದ್ದ ಮಿಡತೆ ಒಮ್ಮೆಗೇ ಹಿಂದಕ್ಕೆ ತಿರುಗಿದ. "ನಮ್ಮ ಮಾವನಿಗೆ ಯಾರೂ ಏನೂ ಅನ್ನಬೇಡಿ!" ಎಂದ, ಜೋರಾಗಿ. ಮಾವನ ಕಡೆ ಮಾತ್ರ ನೋಡಲಿಲ್ಲ. ಬೂದು ಕೋಟಿನವನ ಪಕ್ಕದ ಸೀಟಿಗೆ ಹೋಗಿ ಆಚೆ ಕಿಟಕಿಗೆ ಮುಖ ಮಾಡಿ ಕೂತ.

ಬಸ್ಸು ಹೊರಟಿತು. ಜನ ಕೈ ಬೀಸಿದರು, ಕಣ್ಣೊರೆಸಿಕೊಂಡರು, ಹುಡುಗನ ಅದೃಷ್ಟದ ಬಗ್ಗೆ ಮಾತಾಡಿಕೊಳ್ಳುತ್ತಾ ಗುಂಪು ಗುಂಪಾಗಿ ಬೀದಿಯ ಕಡೆ ನಡೆದರು. ಮಾವನಿಗಾಗಿ ಯಾರೂ ನಿಲ್ಲಲಿಲ್ಲ. ಅವರೆಲ್ಲ ಸಾಕಷ್ಟು ದೂರ ಹೋಗಲಿ ಎಂದು ಕಾದು, ಮಾವ ಒಬ್ಬರೇ ಮನೆಯ ಕಡೆ ಹೊರಟರು.